ಪಿಎಫ್ ಮಿತಿ 25,000 ಆದರೆ ಪಿಂಚಣಿ ಎಷ್ಟು ಏರುತ್ತೆ? ಲೆಕ್ಕ ಹಾಕಿ ನೋಡಿ

ಪಿಎಫ್ ವೇತನ ಮಿತಿ (ಪಿಂಚಣಿ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಸಂಬಳ) 15,000ದಿಂದ 25,000ಕ್ಕೆ ಏರುತ್ತಂತೆ ಅನ್ನೋ ಸುದ್ದಿ ಬಂದಾಗಲೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಲೆಕ್ಕ ಓಡಾಡುತ್ತೆ: ಗರಿಷ್ಠ ಪಿಂಚಣಿ 7,500 ಇದ್ದದ್ದು ಇನ್ನು 12,500. ಅಧಿಸೂಚನೆ ಹೊರಡುವ ತನಕ 15,000ವೇ ಮಿತಿ, ಅದು ಬೇರೆ ಮಾತು. ನಾಳೆಯೇ ಹೊರಟರೂ ಈಗ ಐವತ್ತು ದಾಟಿದವರು ಯಾರೂ ಆ 12,500ರ ಹತ್ತಿರಕ್ಕೂ ಹೋಗೋದಿಲ್ಲ.

ಪಿಎಫ್ ಜೊತೆಗೇ ಬರುವ ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್-95ರ ಸೂತ್ರ ಸರಳ. ಕೊನೆಯ 60 ತಿಂಗಳ ಸರಾಸರಿ ವೇತನವನ್ನು (ಮೂಲ ವೇತನ ಮತ್ತು ತುಟ್ಟಿಭತ್ಯೆ, ಮಿತಿಯೊಳಗೆ) ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 25,000ಕ್ಕೆ 35 ವರ್ಷ ಸೇವೆ ಹಾಕಿದರೆ 12,500 ಬರೋದು ನಿಜ. ಆದರೆ 2014ರ ಸೆಪ್ಟೆಂಬರ್ 1ರಂದು ಮಿತಿ 6,500ದಿಂದ 15,000ಕ್ಕೆ ಏರಿದಾಗ ಏನಾಯ್ತು ಅನ್ನೋದನ್ನು ಈ ಲೆಕ್ಕದವರು ಮರೆತಿದ್ದಾರೆ. ಆ ದಿನಕ್ಕಿಂತ ಹಿಂದಿನ ಸೇವೆಗೆ 6,500ರ ಮಿತಿ, ನಂತರದ ಸೇವೆಗೆ 15,000ದ ಮಿತಿ, ಹೀಗೆ ಎರಡು ತುಂಡು ಮಾಡಿಯೇ ಪಿಂಚಣಿ ಕಟ್ಟುತ್ತಾರೆ.

2004ರ ಸೆಪ್ಟೆಂಬರ್‌ನಲ್ಲಿ ಸೇರಿ 2026ರ ಆಗಸ್ಟ್‌ನಲ್ಲಿ 58 ತುಂಬುವ ಒಬ್ಬರನ್ನು ತಗೊಳ್ಳಿ. ಸಂಬಳ ಸದಾ ಮಿತಿಗಿಂತ ಮೇಲೇ ಇತ್ತು ಅಂತಿಟ್ಟುಕೊಳ್ಳಿ. ಮೊದಲ 10 ವರ್ಷಕ್ಕೆ 929 ರೂಪಾಯಿ, ಮುಂದಿನ 12 ವರ್ಷಕ್ಕೆ 2,571. ಒಟ್ಟು 3,500. ಇಪ್ಪತ್ತು ವರ್ಷ ದಾಟಿದವರಿಗೆ ಸಿಗುವ 2 ವರ್ಷದ ಹೆಚ್ಚುವರಿಯನ್ನು ಇಲ್ಲಿ ಸೇರಿಸಿಲ್ಲ. ಪೂರ್ತಿ 22 ವರ್ಷಕ್ಕೂ 15,000 ಹಾಕಿ 4,714 ಬರುತ್ತೆ ಅಂದುಕೊಂಡಿದ್ದವರು ಮಂಜೂರಾತಿ ಪತ್ರ ನೋಡಿ ತಬ್ಬಿಬ್ಬಾಗೋದು ಇಲ್ಲೇ. ತಪ್ಪು ಲೆಕ್ಕ ಅಂತ ದೂರು ಕೊಟ್ಟವರೂ ಉಂಟು. ಕಚೇರಿಯ ಲೆಕ್ಕ ಸರಿಯೇ ಇರುತ್ತೆ.

ಇದೇ ಪದ್ಧತಿ ಮುಂದುವರಿದರೆ, ಮಿತಿ 25,000 ಆದ ಮೇಲೆ 3 ವರ್ಷ ದುಡಿದು ನಿವೃತ್ತರಾಗುವವರಿಗೆ ಆ ಮೂರು ವರ್ಷದ ಭಾಗ 643ರ ಬದಲು 1,071 ಆಗುತ್ತೆ. ತಿಂಗಳಿಗೆ 428 ರೂಪಾಯಿ ಲಾಭ. ಈಗಾಗಲೇ ಪಿಂಚಣಿ ತಗೊಳ್ಳುತ್ತಿರುವವರಿಗೆ ಮಿತಿ ಏರಿದ್ದರಿಂದ ಬರೋದು ಸೊನ್ನೆ. ನಿಜವಾದ ಫಲ ಇವತ್ತು ಇಪ್ಪತ್ತೈದರ ಆಸುಪಾಸಿನಲ್ಲಿ ಇರುವವರದ್ದು. ಅವರೂ ಒಂದು ಕಣ್ಣು ಸಂಬಳದ ಚೀಟಿ ಮೇಲೆ ಇಟ್ಟಿರಲಿ. ಕಂಪನಿ ಮಿತಿಯ ಮೇಲಷ್ಟೇ ಪಿಎಫ್ ಹಿಡಿಯುತ್ತಿದ್ದರೆ ನಿಮ್ಮ ಶೇ 12ರ ಪಾಲು 1,800ದಿಂದ 3,000ಕ್ಕೆ ಹೋಗುತ್ತೆ. ಮಾಲೀಕರ ಪಾಲನ್ನೂ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಒಳಗೇ ತುರುಕುವ ಕಂಪನಿಯಾದರೆ ಕೈಗೆ ಬರೋದು ತಿಂಗಳಿಗೆ 2,400 ಕಮ್ಮಿ.

ನನ್ನ ಪ್ರಕಾರ ಮಿತಿಗಿಂತ ತುರ್ತಾಗಿ ಏರಬೇಕಾದ್ದು ಕನಿಷ್ಠ ಪಿಂಚಣಿ. 2014ರಿಂದ ಅದು 1,000 ರೂಪಾಯಿ, ತುಟ್ಟಿಭತ್ಯೆಯ ಸೋಂಕೂ ಇಲ್ಲ. ಒಂದು ಪೈಸೆ ವಂತಿಗೆ ಕೇಳದ ರಾಜ್ಯದ ಸಂಧ್ಯಾ ಸುರಕ್ಷಾದಲ್ಲೇ 1,200 ಇದೆ. ಅದೂ ಸಾಲದು, ಆದರೆ ಹತ್ತಿಪ್ಪತ್ತು ವರ್ಷ ವಂತಿಗೆ ಕಟ್ಟಿದ ಕಾರ್ಮಿಕನಿಗೆ ಅದಕ್ಕಿಂತ 200 ಕಡಿಮೆ ಅಂದರೆ ಏನು ಹೇಳೋಣ? 7,500 ಬೇಕು ಅಂತ ಪಿಂಚಣಿದಾರರು ಬೀದಿಗಿಳಿದಾಗ ನಗುವವರು ಮೊದಲು ಇದಕ್ಕೆ ಉತ್ತರ ಕೊಡಲಿ.

ಇನ್ನೊಂದು ಬದಲಾವಣೆ. ಕೆಲಸ ಬಿಟ್ಟ 2 ತಿಂಗಳಿಗೆ ಹಿಂಪಡೆಯಬಹುದಿದ್ದ ಪಿಂಚಣಿ ಹಣಕ್ಕೆ 36 ತಿಂಗಳು ಕಾಯಬೇಕು ಅಂತ 2025ರ ಅಕ್ಟೋಬರ್‌ನಲ್ಲಿ ಪಿಎಫ್ ಸಂಸ್ಥೆಯ ಟ್ರಸ್ಟಿಗಳ ಮಂಡಳಿ ತೀರ್ಮಾನಿಸಿತು. ಉದ್ದೇಶ ಅರ್ಥವಾಗುತ್ತೆ. ಪ್ರತಿ ಸಲ ಕೆಲಸ ಬದಲಿಸಿದಾಗ ಫಾರ್ಮ್ 10ಸಿ ಹಾಕಿ ಹಣ ತೆಗೆದರೆ ಸೇವೆ ಮತ್ತೆ ಸೊನ್ನೆಯಿಂದ ಶುರು, ಪಿಂಚಣಿಗೆ ಬೇಕಾದ 10 ವರ್ಷ ಎಂದೂ ತುಂಬೋದಿಲ್ಲ. (9 ವರ್ಷ 6 ತಿಂಗಳು ಆಗಿದ್ದರೆ 10 ಅಂತಲೇ ಹಿಡಿಯುತ್ತಾರೆ, ಅವಸರಪಟ್ಟು ತೆಗೆಯಬೇಡಿ.) ಆದರೆ ನಾಲ್ಕಾರು ವರ್ಷ ದುಡಿದು ಬಿಡುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಆ ದುಡ್ಡೇ ಮಕ್ಕಳ ಫೀಸು, ಸಾಲದ ಕಂತು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಿಂಪಡೆಯೋದಕ್ಕೆ ಕಡಿವಾಣ ಹಾಕಹೊರಟಾಗ ಬೆಂಗಳೂರಿನ ರಸ್ತೆಗಳಲ್ಲಿ ಅವರೇ ಕೂತು ಕೇಂದ್ರ ಆ ನಿಯಮ ಕೈಬಿಡುವ ಹಾಗೆ ಮಾಡಿದ್ದರು. ದಿಲ್ಲಿಗೆ ಅದು ನೆನಪಿರಬೇಕಿತ್ತು. ತೆಗೆಯುವ ಅನಿವಾರ್ಯ ಇಲ್ಲದವರು ಅದೇ 10ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ, ಸೇವೆ ಉಳಿಯುತ್ತೆ.

ಸುದ್ದಿ ಏನೇ ಇರಲಿ, ಈಗಲೇ ಪಿಎಫ್ ಪಾಸ್‌ಬುಕ್ ತೆಗೆದು ಮೂರನೇ ಕಾಲಂ ನೋಡಿ, ಅದು ಪಿಂಚಣಿ ವಂತಿಗೆ. ಮೂಲ ವೇತನ 15,000 ಅಥವಾ ಮೇಲಿದ್ದರೆ ಅಲ್ಲಿ ತಿಂಗಳಿಗೆ 1,250 ಇರಬೇಕು. ಹಳೇ ಕಂಪನಿಯಲ್ಲಿ ಪಿಂಚಣಿ ಸದಸ್ಯರಾಗಿದ್ದು, ಹೊಸ ಕಡೆ ಅಲ್ಲಿ ಸೊನ್ನೆ ಕಂಡರೆ, ಸೇರುವಾಗ ಫಾರ್ಮ್ 11ರಲ್ಲಿ ಹಿಂದಿನ ಸದಸ್ಯತ್ವ ತಪ್ಪಾಗಿ ನಮೂದಾಗಿರುವ ಸಾಧ್ಯತೆ ಹೆಚ್ಚು. ಉಲ್ಟಾ ಕೇಸೂ ಇದೆ: 2014ರ ಸೆಪ್ಟೆಂಬರ್ ನಂತರ, 15,000ಕ್ಕಿಂತ ಹೆಚ್ಚು ಮೂಲ ವೇತನದಲ್ಲಿ ಮೊದಲ ಸಲ ಪಿಎಫ್‌ಗೆ ಬಂದವರು ಪಿಂಚಣಿಗೆ ಅರ್ಹರೇ ಅಲ್ಲ. ಅವರ ಹೆಸರಲ್ಲಿ 1,250 ಕಟ್ಟುತ್ತಾ ಹೋದರೆ ಕ್ಲೇಮ್ ಹಾಕಿದ ದಿನ ಅರ್ಜಿ ವಾಪಸ್. ಎರಡನ್ನೂ ಸರಿಪಡಿಸಬೇಕಾದ್ದು ಮಾಲೀಕರು. ಕಂಪನಿ ಬಾಗಿಲು ಹಾಕಿಕೊಂಡ ಮೇಲೆ ಎಚ್‌ಆರ್ ಹುಡುಕೋದು ಯಾರಿಗೂ ಬೇಡ. ಹಳೇ ಕಂಪನಿ ನಿರ್ಗಮನ ದಿನಾಂಕ ಹಾಕದೇ ಹೋಗಿದ್ದರೆ, ಕೊನೆಯ ವಂತಿಗೆಯಾಗಿ 2 ತಿಂಗಳು ಕಳೆದ ಮೇಲೆ ಆಧಾರ್ ಒಟಿಪಿ ಕೊಟ್ಟು ನೀವೇ ಪೋರ್ಟಲ್‌ನಲ್ಲಿ ಹಾಕಬಹುದು.

ಪಿಂಚಣಿಯನ್ನು 58ಕ್ಕೆ ಕಾಯದೆ 50ರ ಮೇಲೆ ತಗೊಂಡರೆ ವರ್ಷಕ್ಕೆ ಶೇ 4 ಕಡಿತ, ಅದು ಬದುಕಿರೋ ತನಕ. 60ರ ತನಕ ತಳ್ಳಿದರೆ ವರ್ಷಕ್ಕೆ ಶೇ 4 ಏರಿಕೆ. ಜೀವಂತ ಪ್ರಮಾಣಪತ್ರಕ್ಕೆ ನವೆಂಬರ್‌ನಲ್ಲೇ ಬ್ಯಾಂಕಿನ ಸಾಲಲ್ಲಿ ನಿಲ್ಲಬೇಕು ಅನ್ನೋದು ಸರ್ಕಾರಿ ಪಿಂಚಣಿಯ ಅಭ್ಯಾಸ. ಇಪಿಎಸ್‌ನವರು ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ 1 ವರ್ಷ ಚಾಲ್ತಿ. ಬೆರಳಚ್ಚು ಸವೆದವರಿಗೆ ಮೊಬೈಲ್‌ನಲ್ಲಿ ಮುಖ ತೋರಿಸಿ ಮಾಡುವ ದಾರಿಯೂ ಇದೆ.