ಶೀಲ್ಡಿನ ಹಿಂಬದಿ

ನಮ್ಮೂರಿನ ಹವ್ಯಾಸಿ ನಾಟಕ ಸಂಘದ ಅಭಿನಯ ಪ್ರಶಸ್ತಿಯ ಇತಿಹಾಸವನ್ನು ಬರೆದುಕೊಡಬೇಕೆಂದು ಕೇಳಿಕೊಂಡ ಕಾರ್ಯದರ್ಶಿಗಳು ನನ್ನ ಮುಂದೆ ತಂದಿರಿಸಿದ ಏಕೈಕ ದಾಖಲೆಯೆಂದರೆ ರೋಲಿಂಗ್ ಶೀಲ್ಡ್. ನಡವಳಿ ಪುಸ್ತಕವನ್ನು ಗೆದ್ದಲು ತಿಂದಿತ್ತು. ಮರದ ಶೀಲ್ಡನ್ನು ಮಾತ್ರ ಅದು ಯಾವ ಗೌರವದಿಂದಲೋ ಬಿಟ್ಟಿತ್ತು. ನಡುವೆ ನಟರಾಜ, ಸುತ್ತಲೂ ಬೆರಳಗಲದ ಹಿತ್ತಾಳೆ ಪಟ್ಟಿಗಳು, ಪಟ್ಟಿಗೊಂದು ಹೆಸರು. ಮುಂಬದಿಯಲ್ಲಿ ಜಾಗ ಮುಗಿದು ಹೆಸರುಗಳು ಹಿಂಬದಿಗೆ ಹೊರಳಿವೆ. ವರ್ಷದಲ್ಲಿ ಹನ್ನೊಂದು ತಿಂಗಳು ಗೆದ್ದವರ ಮನೆಯ ಶೋಕೇಸಿನಲ್ಲಿದ್ದು ಬರುವುದರಿಂದ ನಟರಾಜನ ಹಣೆಯಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಉಳಿದಿತ್ತು. ಒಮ್ಮೆ ಗೆದ್ದವರಿಗೆ ಹುಬ್ಬಳ್ಳಿಗೆ ವರ್ಗವಾಗಿ, ಪಾತ್ರೆ ಪರಡಿಗಳ ಜೊತೆಗೆ ಶೀಲ್ಡೂ ಲಾರಿ ಹತ್ತಿದ್ದರಿಂದ, ಮುಂದಿನ ಮೂರು ವರ್ಷದ ವಿಜೇತರು ಅಧ್ಯಕ್ಷರ ಕೈ ಕುಲುಕಿ ಬರಿಗೈಯಲ್ಲಿ ಮನೆಗೆ ನಡೆದದ್ದೂ ಉಂಟು.

ಕಂಪನಿ ನಾಟಕಗಳ ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ಮಂಡಳಿಗಳು ಊರೂರಿನಲ್ಲಿ ಕ್ಯಾಂಪು ಹೂಡುತ್ತಿದ್ದಾಗ, ನಟನ ಯೋಗ್ಯತೆಯನ್ನು ಟಿಕೆಟ್ಟು ಕೊಂಡವನೇ ಅಲ್ಲಿಯೇ ತೀರ್ಮಾನಿಸುತ್ತಿದ್ದ. ಅವನು 'ಒನ್ಸ್ ಮೋರ್' ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕಾಗಿತ್ತು. ಮೆಚ್ಚಿದ ಸಾಹುಕಾರರು ರಂಗದ ಮೇಲೆಯೇ ಪದಕ ತೊಡಿಸುತ್ತಿದ್ದರು. ಹವ್ಯಾಸಿಗಳ ಕಥೆ ಬೇರೆ. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತು. ಹಗಲೆಲ್ಲ ಕಡತ ನೋಡಿ ಸಂಜೆ ಬಣ್ಣ ಹಚ್ಚುವ ಪದ್ಧತಿ ಕಾಲಕ್ರಮದಲ್ಲಿ ನಮ್ಮೂರಿನಂಥ ತಾಲ್ಲೂಕು ಕೇಂದ್ರಗಳಿಗೂ ಇಳಿದು ಬಂತು. ಸಂಬಳವಿಲ್ಲದ ನಟನಿಗೆ ಬಹುಮಾನವೇ ಸಂಬಳ. ಸಂಬಳವೆಂದ ಮೇಲೆ ಒಬ್ಬನಿಗೆ ಕೊಟ್ಟು ಹದಿನೈದು ಜನರದ್ದನ್ನು ಬಾಕಿ ಇರಿಸಿಕೊಳ್ಳುವುದು ಯಾವ ನ್ಯಾಯ?

ಆದ್ದರಿಂದ ನಮ್ಮ ಸಂಘದ ಪ್ರಶಸ್ತಿಯ ಇತಿಹಾಸವು ಆ ಬಾಕಿ ತೀರಿಸಿದ ಇತಿಹಾಸವೇ ಆಗಿದೆ. ಮೊದಲು ಇದ್ದದ್ದು ಒಂದೇ ಬಹುಮಾನ. ಅದು ತಪ್ಪಿದವರೊಬ್ಬರು ಖಜಾಂಚಿಗಳ ಭಾವಮೈದುನರಾಗಿದ್ದ ಕಾರಣ ಎರಡನೆಯದು ಹುಟ್ಟಿತು. ಆಮೇಲೆ ಬಂದ ಸಮಾಧಾನಕರ ಬಹುಮಾನದಿಂದ ಇಂದಿನವರೆಗೆ ಯಾರಿಗೂ ಸಮಾಧಾನವಾದ ಉದಾಹರಣೆಯಿಲ್ಲ. ಇಷ್ಟಕ್ಕೆ ನಿಲ್ಲಬಹುದಾಗಿದ್ದ ಸಂಘವನ್ನು ವಿಶಾಲ ಮಾರ್ಗಕ್ಕೆ ತಂದವರು ಸಾಕ್ಷಾತ್ ಭರತಮುನಿಗಳು. ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕವೆಂದು, ಅಂದರೆ ಮೈಯದು, ಮಾತಿನದು, ವೇಷಭೂಷಣದ್ದು, ಒಳಭಾವದ್ದು ಎಂದು, ನಾಲ್ಕು ವಿಧವೆಂಬುದು ಸರ್ವಸದಸ್ಯರ ಸಭೆಯೊಂದರಲ್ಲಿ ಯಾರ ಬಾಯಿಂದಲೋ ಹೊರಬಿದ್ದದ್ದೇ ತಡ, ಬೈಲಾ ತಿದ್ದುಪಡಿಯಾಗಿ ಒಂದು ಬಹುಮಾನದ ಜಾಗದಲ್ಲಿ ನಾಲ್ಕು ಕುಳಿತವು. ಮೊದಲ ಆಹಾರ್ಯ ಪ್ರಶಸ್ತಿ ಸಂದದ್ದು ದುರ್ಯೋಧನನ ಕಿರೀಟಕ್ಕೂ ಭುಜಕೀರ್ತಿಗೂ. ಅವುಗಳನ್ನು ಬಾಡಿಗೆಗೆ ಕೊಟ್ಟಿದ್ದ ಡ್ರೆಸ್ ಅಂಗಡಿಯವರು ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಜೊತೆಗೆ ಪ್ರಶಸ್ತಿಯನ್ನೂ ಕೇಳಿದರು. ವಾಚಿಕ ಪ್ರಶಸ್ತಿ ಪಡೆದ ನಟರ ಮಾತುಗಳು ಸೈಡ್‌ವಿಂಗಿನ ಕಡೆಯಿಂದಲೇ ಹೆಚ್ಚು ಸ್ಪಷ್ಟವಾಗಿ ಕೇಳಿಸಿದ್ದವಾದ್ದರಿಂದ ಪ್ರಾಂಪ್ಟರ್ ಕೂಡ ಅರ್ಜಿ ಹಾಕಿದರು, ಮತ್ತು ನನ್ನ ಅಭಿಪ್ರಾಯದಲ್ಲಿ ಸಂಘಕ್ಕೆ ಬಂದ ಅರ್ಜಿಗಳಲ್ಲಿ ನ್ಯಾಯವಾದದ್ದು ಅದೊಂದೇ.

ಸ್ತ್ರೀಪಾತ್ರದ ಪ್ರಶಸ್ತಿಯದು ಇನ್ನೊಂದು ರಾಮಾಯಣ. ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ ಸ್ಥಾಪಿತವಾದ ಈ ಪ್ರಶಸ್ತಿಯನ್ನು ಆರು ಬಾರಿ ಗೆದ್ದಿದ್ದ ಹಿರಿಯರೊಬ್ಬರು, ಹೆಣ್ಣುಮಕ್ಕಳು ರಂಗಕ್ಕೆ ಬಂದ ವರ್ಷ, 'ಹೆಂಗಸರು ಹೆಂಗಸರಾಗಿರುವುದರಲ್ಲಿ ಅಭಿನಯವೇನು ಬಂತು?' ಎಂದು ಲಿಖಿತ ಆಕ್ಷೇಪಣೆ ಸಲ್ಲಿಸಿದರು. ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ನಾಟಕ ಮಂಡಳಿ ಕಟ್ಟಿ, ತಾವೇ ಕಂಸ, ರಾವಣರಾಗಿ ಗರ್ಜಿಸಿ ನಾಡನ್ನೆಲ್ಲ ಗೆದ್ದವರು. ಅವರು ನಮ್ಮ ಸಂಘದ ಸದಸ್ಯೆಯಾಗಿದ್ದಿದ್ದರೆ ಯಾವ ವಿಭಾಗಕ್ಕೆ ಸೇರಿಸಬೇಕೆಂದು ತೀರ್ಮಾನಿಸಲು ಉಪಸಮಿತಿ ರಚನೆಯಾಗಿ, ಆ ಸಮಿತಿಯ ವರದಿಯನ್ನೂ ಗೆದ್ದಲೇ ಓದುತ್ತಿತ್ತು.

ಇನ್ನು ತೀರ್ಪುಗಾರರ ವಿಷಯ. ಭರತಮುನಿಗಳ ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ನಾಟ್ಯಸ್ಪರ್ಧೆಯ ತೀರ್ಪುಗಾರರನ್ನು ಪ್ರಾಶ್ನಿಕರೆಂದು ಕರೆದು, ಅಂಥವರಲ್ಲಿ ಹತ್ತು ಬಗೆಯವರನ್ನು ಹೆಸರಿಸಲಾಗಿದೆ. ಮಾತಿಗೆ ವೈಯಾಕರಣ, ನಿಲುವಿಗೆ ಬಿಲ್ಲುಗಾರ, ವೇಷಭೂಷಣಕ್ಕೆ ಚಿತ್ರಕಾರ, ಶೃಂಗಾರಕ್ಕೆ ವೇಶ್ಯೆ, ಸ್ವರತಾಳಕ್ಕೆ ಸಂಗೀತಗಾರ, ಹೀಗೆ ಒಂದೊಂದಕ್ಕೆ ಒಬ್ಬೊಬ್ಬರು. ನಮ್ಮಲ್ಲಿ ತೀರ್ಪುಗಾರರು ಮೂವರು: ಹಾಲ್ ಬಾಡಿಗೆ ಕೊಟ್ಟವರು, ಮೈಕ್‌ಸೆಟ್ ಕೊಟ್ಟವರು, ಮತ್ತು ಇವರಿಬ್ಬರ ನಡುವೆ ಕುರ್ಚಿ ಖಾಲಿ ಕಾಣಬಾರದೆಂದು ನಾನು. ಅದೇ ಅಧ್ಯಾಯವು ಪ್ರಯೋಗಕ್ಕೆ ಶತ್ರುಗಳಿಂದ ಒದಗುವ ಘಾತಗಳನ್ನೂ ಪಟ್ಟಿ ಮಾಡುತ್ತದೆ. ಸಗಣಿ ಎಸೆಯುವುದು, ಹೆಂಟೆ ಎಸೆಯುವುದು, ಇರುವೆ ಬಿಡುವುದು ಆ ಪಟ್ಟಿಯಲ್ಲಿವೆ. ಮತ್ಸರ, ಪಕ್ಷಪಾತ, ಹಣದ ಆಮಿಷಗಳೂ ಇವೆ. ಸಗಣಿ, ಹೆಂಟೆ, ಇರುವೆಗಳನ್ನು ನಮ್ಮ ಸಂಘ ಸಂಪೂರ್ಣವಾಗಿ ನಿರ್ಮೂಲನ ಮಾಡಿದೆಯೆಂದು ಹೆಮ್ಮೆಯಿಂದ ದಾಖಲಿಸುತ್ತೇನೆ. ಇಬ್ಬರು ಸರಿಸಮನಾದರೆ ಗೆಲುವಿನ ಪತಾಕೆಯನ್ನು ಇಬ್ಬರಿಗೂ ಕೊಡಬೇಕೆಂಬ ಮಾತೂ ಅಲ್ಲಿದೆ. ನಮ್ಮ ಸಂಘ ಅಕ್ಷರಶಃ ಪಾಲಿಸಿಕೊಂಡು ಬಂದ ಶಾಸ್ತ್ರವಚನ ಅದೊಂದೇ. ಇಬ್ಬರೆಂಬುದನ್ನು ಮಾತ್ರ ಕಾಲಕ್ಕೆ ತಕ್ಕಂತೆ ಹದಿನಾರಕ್ಕೆ ವಿಸ್ತರಿಸಿಕೊಂಡಿದೆ.

ಈ ವರ್ಷದ ಸಮಾರಂಭ ಹೋದ ಭಾನುವಾರ ನಡೆಯಿತು. ನಾಟಕ ಐವತ್ತು ನಿಮಿಷ, ಪ್ರಶಸ್ತಿ ಪ್ರದಾನ ಎರಡು ಗಂಟೆ ಇಪ್ಪತ್ತು ನಿಮಿಷ. ಹದಿನಾರು ಪಾತ್ರಗಳಿಗೆ ಹತ್ತೊಂಬತ್ತು ಬಹುಮಾನಗಳಿದ್ದುದರಿಂದ ಪರದೆ ಎಳೆದ ಹುಡುಗನನ್ನೂ ಎರಡು ಸಲ ವೇದಿಕೆಗೆ ಕರೆಯಬೇಕಾಯಿತು. ಒಬ್ಬರಿಗೆ ಹೊದಿಸಿದ ಶಾಲನ್ನು ಪರದೆಯ ಹಿಂದಿನಿಂದ ಸಾಗಿಸಿ ಮುಂದಿನವರಿಗೆ ಹೊದಿಸುವ ಕೆಲಸದಲ್ಲಿ ಕಾರ್ಯಕಾರಿ ಸಮಿತಿ ತೋರಿದ ಚುರುಕು ನಾಟಕದ ದೃಶ್ಯ ಬದಲಾವಣೆಯಲ್ಲಿ ಕಂಡಿರಲಿಲ್ಲ.

ಕಡೆಗೆ ಶೀಲ್ಡಿನ ಸರದಿ. ಸಾತ್ವಿಕ ಅಭಿನಯಕ್ಕೆ ಮೀಸಲಾದ ಈ ಪರಮೋಚ್ಚ ಪ್ರಶಸ್ತಿಗೆ, ಮೊದಲ ದೃಶ್ಯದಲ್ಲಿ ದ್ವಾರಪಾಲಕರಾಗಿ ನಿಂತು ಹೋಗಿದ್ದ ಸಂಘದ ಅಧ್ಯಕ್ಷರ ಹೆಸರನ್ನು ಕೂಗಲಾಯಿತು. ನನ್ನ ಅಂಕಪಟ್ಟಿಯಲ್ಲಿ ಆ ಹೆಸರಿರಲಿಲ್ಲ. ಶೀಲ್ಡಿನ ಹಿಂಬದಿಯಲ್ಲಿ ಇತ್ತು. ಆ ಹಿತ್ತಾಳೆ ಪಟ್ಟಿ ಮಂಗಳವಾರವೇ ಕೆತ್ತನೆ ಅಂಗಡಿಯಿಂದ ಬಂದಿತ್ತೆಂದು ಅದನ್ನು ತಂದ ಹುಡುಗನೇ ನನಗೆ ಹೇಳಿದ್ದ. ಆದರೂ ಅಧ್ಯಕ್ಷರು ಹೆಸರು ಕೇಳಿದ ಕ್ಷಣ ಕಂಬದಂತೆ ನಿಂತರು. ಆಮೇಲೆ ಹಣೆ ಬೆವರಿತು, ಕೈ ನಡುಗಿತು, 'ನಾನಿದನ್ನು ಖಂಡಿತ ನಿರೀಕ್ಷಿಸಿರಲಿಲ್ಲ' ಎನ್ನುವಾಗ ದನಿ ಒಡೆಯಿತು, ಕಣ್ಣಿನಲ್ಲಿ ನೀರು ಬಂತು, ತೋಳಿನ ಮೇಲೆ ರೋಮ ನಿಂತದ್ದು ಮುಂದಿನ ಸಾಲಿಗೂ ಕಂಡಿತು. ಶಾಸ್ತ್ರ ಹೇಳುವ ಸಾತ್ವಿಕ ಭಾವಗಳು ಎಂಟು. ನಾನು ಕುಳಿತಲ್ಲಿಯೇ ಆರನ್ನು ಎಣಿಸಿ, ಅಂಕಪಟ್ಟಿಯನ್ನು ತಿದ್ದಿ ಸಹಿ ಹಾಕಿದೆ. ಬಣ್ಣ ಹಚ್ಚಿದ ಮುಖದಲ್ಲಿ ವೈವರ್ಣ್ಯ, ಎಂದರೆ ಬಣ್ಣಗೆಡುವುದು, ಕಾಣುವ ಹಾಗಿರಲಿಲ್ಲ. ಉಳಿದ ಪ್ರಲಯವನ್ನು, ಅಂದರೆ ಮೂರ್ಛೆಯನ್ನು, ಹೆಚ್ಚುವರಿ ಎರಡು ಗಂಟೆಯ ಹಾಲ್ ಬಾಡಿಗೆಯ ಬಿಲ್ಲು ಕೈಗೆ ಬಂದಾಗ ಖಜಾಂಚಿಗಳು ಸೈಡ್‌ವಿಂಗಿನಲ್ಲಿ ಅಭಿನಯಿಸಿದರು.