ಪೀರಿಯಡ್ ಮುಗಿಯುವಾಗ ನೆಟ್ ದಾಟಿದ ಬಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ

ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂತು ಅಂದರೆ ನಮ್ಮ ಹಾಸನದ ಕಡೆ ಶಾಲೆ ಮೈದಾನಗಳಲ್ಲಿ ಒಂದೇ ನೋಟ. ಒಂದು ವಾಲಿಬಾಲ್, ಉದ್ದನೆ ಸಾಲು, ಎಲ್ಲರೂ ಒಂದೇ ಗೆರೆಯಿಂದ ಸರ್ವೀಸ್. ಪೀರಿಯಡ್ ಮುಗಿಯೋ ಹೊತ್ತಿಗೆ ಬಾಲುಗಳು ಚೆನ್ನಾಗಿ ನೆಟ್ ದಾಟುತ್ತಿರುತ್ತವೆ, ಪಿಟಿ ಮೇಷ್ಟ್ರಿಗೂ ಸಮಾಧಾನ. ಮುಂದಿನ ವಾರ ಅದೇ ಮಕ್ಕಳ ಬಾಲು ನೆಟ್ಟಿಗೇ ಬಡಿಯುತ್ತೆ. ಗಮನ ಇಲ್ಲ ಅಂತ ಬೈಗುಳ ಶುರು. ತಪ್ಪು ಮಕ್ಕಳದಲ್ಲ, ಅಭ್ಯಾಸ ಮಾಡಿಸಿದ ರೀತಿಯದು.

ಮೊದಲು ಲೆಕ್ಕ ನೋಡಿ. 40 ಮಕ್ಕಳು, ಒಂದು ಬಾಲು, ಒಬ್ಬರಿಗೆ 10 ಸೆಕೆಂಡು. 30 ನಿಮಿಷದಲ್ಲಿ ಒಬ್ಬರಿಗೆ ಸಿಗೋದು ನಾಲ್ಕೈದು ಹೊಡೆತ. ಎಂಟು ಬಾಲು, ಐದೈದು ಮಕ್ಕಳ ಗುಂಪು ಮಾಡಿದರೆ 36. ವಾಲಿಬಾಲೇ ಆಗಬೇಕಿಲ್ಲ, ಹಗುರ ರಬ್ಬರ್ ಬಾಲಾದರೂ ನಡೆಯುತ್ತೆ.

ಎರಡನೆಯದು, ಒಂದೇ ಜಾಗದಿಂದ ಒಂದೇ ಹೊಡೆತ. 1978ರಲ್ಲಿ ಕೆರ್ ಮತ್ತು ಬೂತ್ ಅನ್ನೋ ಸಂಶೋಧಕರು ಎಂಟು ವರ್ಷದ ಮಕ್ಕಳಿಂದ ಪುಟ್ಟ ಕಾಳಿನ ಚೀಲಗಳನ್ನು ಗುರಿಗೆ ಎಸೆಸಿದರು. ಒಂದು ಗುಂಪಿಗೆ 3 ಅಡಿಯಿಂದ ಮಾತ್ರ ಅಭ್ಯಾಸ, ಇನ್ನೊಂದಕ್ಕೆ 2 ಮತ್ತು 4 ಅಡಿಯಿಂದ. ಪರೀಕ್ಷೆ ಇಟ್ಟಿದ್ದು 3 ಅಡಿಯಲ್ಲೇ. ಗೆದ್ದಿದ್ದು ಅಲ್ಲಿಂದ ಅಭ್ಯಾಸವೇ ಮಾಡದ ಎರಡನೇ ಗುಂಪು! ಮರುವರ್ಷ ಶಿಯಾ ಮತ್ತು ಮಾರ್ಗನ್ ಅನ್ನೋ ಇನ್ನಿಬ್ಬರು ಸಂಶೋಧಕರು ಮೂರು ಬಗೆಯ ಕೈಚಲನೆ ಕಲಿಸಿದರು. ಒಂದೊಂದನ್ನೇ ಮುಗಿಸುತ್ತಾ ಹೋದವರು ಅಭ್ಯಾಸದ ಹೊತ್ತಲ್ಲಿ ಮುಂದಿದ್ದರು; ಹತ್ತು ದಿನ ಬಿಟ್ಟು ನೋಡಿದಾಗ ಮೂರನ್ನೂ ಕಲಸಿ ಮಾಡಿದವರು ಮುಂದೆ. ಪ್ರತಿ ಸಲ ಚಲನೆಯನ್ನು ಹೊಸದಾಗಿ ಯೋಚಿಸಿ ಕಟ್ಟಬೇಕಾಗುತ್ತಲ್ಲ, ಆ ಕಷ್ಟದಿಂದಲೇ ಅದು ಉಳಿಯೋದು ಅಂತಾರೆ.

ಹಾಗಂತ ಮೊದಲ ದಿನವೇ ಕಲಸಬೇಡಿ. ಅಂಡರ್‌ಹ್ಯಾಂಡ್ ಸರ್ವೀಸ್ ಅನ್ನೇ ತಗೊಳ್ಳಿ. ಬಲಗೈಯವರಿಗೆ ಎಡಗಾಲು ಮುಂದೆ, ಬಾಲು ಸೊಂಟದ ಎತ್ತರದಲ್ಲಿ ಎಡ ಅಂಗೈ ಮೇಲೆ, ಬಲಗೈ ನೇರವಾಗಿ ಹಿಂದಿನಿಂದ ಬೀಸಿ ಅಂಗೈ ಬುಡದಿಂದ ಹೊಡೆತ, ಮೈಭಾರ ಮುಂಗಾಲಿಗೆ. ಬಲಗಾಲು ಮುಂದಿದ್ದರೆ ಭಾರ ಸರಿಯಾಗಿ ಸಾಗಲ್ಲ, ಬಾಲು ನೆಟ್ಟಿಗೆ ಮುಂಚೆಯೇ ಬೀಳುತ್ತೆ. ಬೆರಳಿಗೆ ತಾಗಿದರೆ ಪಕ್ಕಕ್ಕೆ ಹೋಗುತ್ತೆ. ಬಾಲನ್ನು ಎತ್ತರಕ್ಕೆ ಎಸೆದುಕೊಂಡರೆ ಹೊಡೆತವೇ ತಪ್ಪುತ್ತೆ, ಅದನ್ನು ಕೈಯಿಂದ ಬಿಟ್ಟ ಕೂಡಲೇ ಹೊಡೆಯಬೇಕು. ಪಕ್ಕದಿಂದಲೂ ಬೆನ್ನ ಹಿಂದಿನಿಂದಲೂ ತೋರಿಸಿ. ಎದುರು ನಿಂತು ತೋರಿಸಿದರೆ ಎಡ ಬಲ ಅದಲು ಬದಲಾಗಿ ಮಕ್ಕಳು ಗೊಂದಲಕ್ಕೆ ಬೀಳ್ತಾರೆ. ನೆಟ್ಟಿನಿಂದ ನಾಲ್ಕು ಮೀಟರ್ ದೂರದಲ್ಲಿ ಶುರು ಮಾಡಿಸಿ. ಚಲನೆಗೆ ಒಂದು ಆಕಾರ ಬಂದಮೇಲೆ 4, 6, 9 ಮೀಟರ್ ಬೆರೆಸಿ, ನಡುವೆ ಎರಡೂ ಮುಂಗೈ ಜೋಡಿಸಿ ಬಾಲು ಎತ್ತಿಕೊಡೋ ಅಂಡರ್‌ಹ್ಯಾಂಡ್ ಪಾಸೂ ಇರಲಿ. ಆ ದಿನ ಬಾಲು ಜಾಸ್ತಿ ತಪ್ಪುತ್ತವೆ, ತಪ್ಪಲಿ.

ಇನ್ನು ಮೇಷ್ಟ್ರ ಬಾಯಿ. ಪ್ರತಿ ಹೊಡೆತಕ್ಕೂ "ಕೈ ನೇರ, ಕಾಲು ಮುಂದೆ" ಅಂತಿದ್ದರೆ ಮಗು ತನ್ನ ಕೈಯನ್ನು ಗಮನಿಸೋದು ಬಿಟ್ಟು ನಿಮ್ಮ ಮುಖ ನೋಡುತ್ತೆ. ನಾಲ್ಕೈದು ಹೊಡೆತಕ್ಕೊಮ್ಮೆ ಒಂದೇ ಮಾತು ಸಾಕು. ಅದಕ್ಕೂ ಮುಂಚೆ "ಯಾಕೋ ಪಕ್ಕಕ್ಕೆ ಹೋಯ್ತು?" ಅಂತ ಕೇಳಿ. "ಮೊಣಕೈ ಮಡಿಸಬೇಡ" ಅನ್ನೋದಕ್ಕಿಂತ "ಆ ಕಂಬದ ಕಡೆ ಬಾಲು ಕಳಿಸು" ಅಂದರೆ ಎಷ್ಟೋ ಸಲ ಕೈ ತಾನೇ ನೇರವಾಗುತ್ತೆ.

ಆರಂಭದಲ್ಲೇ ನಾಲ್ಕು ಸುತ್ತು ಓಡಿಸಿ ಸುಸ್ತು ಮಾಡಿ ಆಮೇಲೆ ಹೊಸ ಚಲನೆ ಕಲಿಸೋದಂತೂ ಬಿಡಲೇಬೇಕು. ಐದು ನಿಮಿಷ ವಾರ್ಮ್‌ಅಪ್, ಆಮೇಲೆ ಹೊಸದು, ಓಟ ಕೊನೆಗೆ.

ಅರಸೀಕೆರೆ, ಕಡೂರಿನವರಿಗೆ ಜುಲೈಯಲ್ಲೂ ಮೈದಾನ ಸಿಗಬಹುದು. ಸಕಲೇಶಪುರ, ಮೂಡಿಗೆರೆಯಲ್ಲಿ ಕೆಸರೇ. ಜಗುಲಿಯಲ್ಲಿ ಹುಣಸೆ ಬೀಜ ತುಂಬಿದ ಬಟ್ಟೆ ಚೀಲ ಸಾಕು. 2, 3, 5 ಮೀಟರಿನಲ್ಲಿ ಸೀಮೆಸುಣ್ಣದ ಗೆರೆ ಎಳೆದು ಗೋಡೆಗೆ ಎಸೆಸಿ. ಪುಟ್ಟವರಿಗೆ ಮೊದಲು ಗುರಿಯ ಮಾತೇ ಬೇಡ, ಜೋರಾಗಿ ಎಸೆಯೋಕೆ ಹೇಳಿ. ಶುರುವಿನಲ್ಲೇ ಗುರಿ ಕೊಟ್ಟರೆ ಮೈ ತಿರುಗಿಸದೆ ಮೊಣಕೈಯಿಂದಷ್ಟೇ ತಳ್ಳುತ್ತಾರೆ. ಕಲಿತರೋ ಇಲ್ಲವೋ ಅನ್ನೋದನ್ನು ಮುಂದಿನ ವಾರ ಬಂದ ತಕ್ಷಣದ ಮೊದಲ ಐದು ಎಸೆತದಲ್ಲಿ ನೋಡಿ, ಅದನ್ನೇ ಪುಸ್ತಕದಲ್ಲಿ ಬರೆದುಕೊಳ್ಳಿ.