ರಿಫಂಡ್ ಮೇಲ್ ಬಂದರೆ ಲಿಂಕ್ ಒತ್ತಬೇಡಿ, ಪೋರ್ಟಲ್ಲಿಗೆ ನೀವೇ ಹೋಗಿ

2023ರಲ್ಲಿ ಎಷ್ಟೋ ಮೊಬೈಲುಗಳಿಗೆ ಒಂದು ಸಂದೇಶ ಬಂತು. ನಿಮಗೆ 15,490 ರೂಪಾಯಿ ಆದಾಯ ತೆರಿಗೆ ರಿಫಂಡ್ ಮಂಜೂರಾಗಿದೆ, ಈ ಖಾತೆಗೆ ಜಮೆಯಾಗಲಿದೆ, ಖಾತೆ ಸಂಖ್ಯೆ ತಪ್ಪಿದ್ದರೆ ಕೆಳಗಿನ ಲಿಂಕ್‌ನಲ್ಲಿ ಸರಿಪಡಿಸಿ ಅಂತ. ಇದು ಸುಳ್ಳು ಎಂದು ಕೇಂದ್ರ ಸರ್ಕಾರದ ಸುದ್ದಿ ಪರಿಶೀಲನಾ ಘಟಕ ಪಿಐಬಿ ಫ್ಯಾಕ್ಟ್‌ಚೆಕ್ ಆಗಲೇ ಹೇಳಿತ್ತು. ಆದರೆ ಅದನ್ನು ಹೆಣೆದವನ ಬುದ್ಧಿ ಗಮನಿಸಿ. ಅಲ್ಲಿದ್ದ ಖಾತೆ ಸಂಖ್ಯೆ ಓದುವವರದ್ದಾಗಿರುವುದಿಲ್ಲ, ಆಗಿರಬೇಕಾಗಿಯೂ ಇಲ್ಲ. "ಅಯ್ಯೋ, ನನ್ನ ದುಡ್ಡು ಬೇರೆ ಯಾರದೋ ಖಾತೆಗೆ ಹೋಗುತ್ತಲ್ಲ" ಅನ್ನುವ ಗಾಬರಿಯೇ ಗಾಳ. ದುರಾಸೆಗೆ ಬಿದ್ದು ಮೋಸಹೋದರು ಎಂದು ಜನ ಸುಲಭವಾಗಿ ಮಾತಾಡುತ್ತಾರೆ, ಇಲ್ಲಿ ದುರಾಸೆ ಎಲ್ಲಿದೆ? ತನ್ನದೇ ದುಡ್ಡು ಕಳೆದುಹೋಗದಿರಲಿ ಎಂಬ ಆತಂಕ ಅಷ್ಟೇ. ಈಗ ಅದೇ ಸರಕು ಇಮೇಲ್‌ನಲ್ಲಿ ಲಾಂಛನ, ಸಹಿ, ಸೀಲು ಎಲ್ಲ ಹಚ್ಚಿಕೊಂಡು ಬರುತ್ತದೆ.

ನಮ್ಮ ಕಡೆ ಇದನ್ನು ನಂಬುವುದಕ್ಕೆ ಇನ್ನೊಂದು ಕಾರಣವೂ ಇದೆ. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್‌ನಲ್ಲಿ ಸೇರಿದವು. ಶಾಖೆಗಳನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್‌ಗಳು ಬದಲಾದವು. ತೆರಿಗೆ ಇಲಾಖೆಯ ಬಳಿ ಹಳೇ ಕೋಡ್ ಉಳಿದಿದ್ದರೆ, ಖಾತೆಯಲ್ಲಿನ ಹೆಸರು ಪ್ಯಾನ್‌ನ ಹೆಸರಿಗೆ ಹೊಂದದಿದ್ದರೆ ರಿಫಂಡ್ ನಿಜಕ್ಕೂ ವಾಪಸ್ ಹೋಗುತ್ತದೆ. ಅಂದರೆ ಕಳ್ಳ ಹೇಳುವ ತೊಂದರೆ ಕಟ್ಟುಕಥೆಯಲ್ಲ, ಅವನು ತೋರಿಸುವ ದಾರಿ ಮಾತ್ರ ಕಟ್ಟುಕಥೆ.

ಹಾಗಾಗಿ "ಸ್ಪೆಲಿಂಗ್ ತಪ್ಪಿದೆಯಾ ನೋಡಿ, ಭಾಷೆ ಒರಟಾಗಿದೆಯಾ ನೋಡಿ" ಅನ್ನುವ ಹಳೇ ಸಲಹೆಯನ್ನು ಕೈಬಿಡಬೇಕು ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ಈಗ ಎಐ ಬಳಸಿ ಕಳ್ಳನೂ ಅಚ್ಚುಕಟ್ಟಾದ ಭಾಷೆಯಲ್ಲೇ ಬರೆಯುತ್ತಾನೆ. ಮೇಲ್ ಅಸಲಿಯೋ ನಕಲಿಯೋ ಎಂದು ತೀರ್ಪು ಕೊಡುವ ಕೆಲಸವೇ ನಮಗೆ ಬೇಡ. ಎರಡಕ್ಕೂ ಒಂದೇ ಕ್ರಮ ಸಾಕು: ಮೇಲ್ ಅನ್ನು ಬರೀ ಸುದ್ದಿ ಎಂದು ಓದಿಕೊಂಡು ಮುಚ್ಚುವುದು, ಬ್ರೌಸರ್‌ನಲ್ಲಿ ಇಲಾಖೆಯ ಪೋರ್ಟಲ್ ವಿಳಾಸವಾದ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಎಂದು ಕೈಯಾರೆ ಟೈಪ್ ಮಾಡಿ ಒಳಗೆ ಹೋಗುವುದು. ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದನ್ನು ಒತ್ತುವುದೂ ಬೇಡ, ಜಾಹೀರಾತಿನ ಜಾಗದಲ್ಲಿ ನಕಲಿ ತಾಣಗಳು ಕೂತಿರುವುದುಂಟು.

ಲಾಗಿನ್ ಆದಮೇಲೆ ಇ-ಫೈಲ್, ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್, ವ್ಯೂ ಫೈಲ್ಡ್ ರಿಟರ್ನ್ಸ್ ಒತ್ತಿ. ರಿಟರ್ನ್ ಯಾವ ಹಂತದಲ್ಲಿದೆ, ರಿಫಂಡ್ ಹೊರಟಿದೆಯೋ ವಿಫಲವಾಗಿದೆಯೋ ಎಲ್ಲ ಅಲ್ಲೇ ಕಾಣುತ್ತದೆ. ವಿಫಲವಾಗಿದ್ದರೆ ಮೊದಲು ಪ್ರೊಫೈಲ್‌ನ ಬ್ಯಾಂಕ್ ಖಾತೆ ವಿಭಾಗದಲ್ಲಿ ಖಾತೆಯನ್ನು ಪ್ರೀ-ವ್ಯಾಲಿಡೇಟ್ ಮಾಡಿ, ಅಂದರೆ ಅದು ನಿಮ್ಮದೇ ಎಂದು ದೃಢಪಡಿಸಿ, ಆಮೇಲೆ ಸರ್ವಿಸಸ್‌ನಲ್ಲಿ ರಿಫಂಡ್ ರೀಇಶ್ಯೂ, ಅಂದರೆ ಮತ್ತೆ ಕಳಿಸುವಂತೆ, ಕೇಳಿ. ಇಷ್ಟರಲ್ಲಿ ಎಲ್ಲಿಯೂ ಡೆಬಿಟ್ ಕಾರ್ಡ್ ನಂಬರು ಬೇಕಿಲ್ಲ, ಸಿವಿವಿ ಬೇಕಿಲ್ಲ, ಎಟಿಎಂ ಪಿನ್ ಬೇಕಿಲ್ಲ. ದುಡ್ಡು ಒಳಗೆ ಬರಲು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಸಾಕು. ಕಾರ್ಡ್ ವಿವರ ಬೇಕಾಗುವುದು ದುಡ್ಡು ಹೊರಗೆ ಹೋಗಲು.

ಇನ್ನು ಅಸಲಿ ಮೇಲ್‌ನ ಕಥೆ ಕೇಳಿ, ಅದೇ ಹೆಚ್ಚು ಅನುಮಾನ ಹುಟ್ಟಿಸುತ್ತದೆ! ರಿಟರ್ನ್‌ಗಳನ್ನು ಪರಿಶೀಲಿಸುವ ಇಲಾಖೆಯ ಕೇಂದ್ರವಾದ ಬೆಂಗಳೂರಿನ ಸಿಪಿಸಿಯಿಂದ ಬರುವ 143(1) ಇಂಟಿಮೇಷನ್‌ಗೆ, ಅಂದರೆ ಪರಿಶೀಲನೆಯ ಫಲ ತಿಳಿಸುವ ಪತ್ರಕ್ಕೆ, ಒಂದು ಪಿಡಿಎಫ್ ಲಗತ್ತಿಸಿರುತ್ತಾರೆ. ಅದಕ್ಕೆ ಪಾಸ್‌ವರ್ಡ್ ಬೇರೆ: ಸಣ್ಣಕ್ಷರದಲ್ಲಿ ನಿಮ್ಮ ಪ್ಯಾನ್, ಅದಕ್ಕಂಟಿಕೊಂಡು ಹುಟ್ಟಿದ ದಿನ, ತಿಂಗಳು, ವರ್ಷದ 8 ಅಂಕಿ. ಪಾಸ್‌ವರ್ಡ್ ಹಾಕಿದಾಗ ತೆರೆದುಕೊಂಡಿತು, ಆದ್ದರಿಂದ ಅಸಲಿ ಎಂದುಕೊಳ್ಳುವವರಿದ್ದಾರೆ. ಅದು ಪುರಾವೆಯಲ್ಲ. ಪ್ಯಾನ್ ಮತ್ತು ಜನ್ಮದಿನಾಂಕವನ್ನು ನಾವು ಸಿಮ್ ಅಂಗಡಿಯಿಂದ ಹಿಡಿದು ಬಾಡಿಗೆ ಮನೆ ಏಜೆಂಟ್‌ವರೆಗೆ ಜೆರಾಕ್ಸ್ ಮಾಡಿ ಹಂಚಿದ್ದೇವೆ. ಖಚಿತ ಮಾಡಿಕೊಳ್ಳಲು ಬೇರೆ ದಾರಿ ಇದೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ದಾಖಲೆ ಗುರುತಿನ ಸಂಖ್ಯೆ ಇರುತ್ತದೆ. ಪೋರ್ಟಲ್‌ನ ಮುಖಪುಟದಲ್ಲೇ, ಲಾಗಿನ್ ಇಲ್ಲದೆ, ನೋಟಿಸ್ ಅಸಲಿಯೇ ಎಂದು ಪರೀಕ್ಷಿಸುವ ಸೌಲಭ್ಯ ಇದೆ. ಡಿಐಎನ್ ಹಾಕಿ ನೋಡಿ.

ಲಗತ್ತು ಪಿಡಿಎಫ್ ಬದಲು ಎಚ್‌ಟಿಎಂಎಲ್ ಕಡತ, ಅಂದರೆ ವೆಬ್‌ಪುಟದ ಕಡತ, ಆಗಿದ್ದರೆ ತೆರೆಯಲೇಬೇಡಿ. ಅದು ನಿಮ್ಮ ಕಂಪ್ಯೂಟರಿನಲ್ಲೇ ನಕಲಿ ಫಾರ್ಮ್ ತೆರೆಯುತ್ತದೆ, ಅನುಮಾನಪಡಲು ತಾಣದ ವಿಳಾಸವೂ ಮೇಲೆ ಕಾಣುವುದಿಲ್ಲ. ಮೊಬೈಲ್‌ಗೆ ಆಪ್ ಹಾಕುವ ಎಪಿಕೆ ಕಡತ ಆಗಿದ್ದರಂತೂ ಮಾತೇ ಬೇಡ.

ಲಿಂಕ್ ಓದಲು ಗೊತ್ತಿರಬೇಕು ಅನ್ನುವವರಿಗೆ ಒಂದು ಮಾತು. ಅಂಚೆ ವಿಳಾಸದಲ್ಲಿ ಊರು ಕೊನೆಗೆ ಬರುವ ಹಾಗೆ, ಇಲ್ಲೂ ಯಜಮಾನ ಯಾರೆಂಬುದು ಕೊನೆಯಲ್ಲಿರುತ್ತದೆ. ಎಚ್‌ಟಿಟಿಪಿಎಸ್ ಮುಂದಿನ ಜೋಡಿ ಗೀಟು ಬಿಟ್ಟು, ಮೊದಲು ಸಿಗುವ ಒಂಟಿ ಓರೆಗೀಟಿನಿಂದ ಹಿಂದಕ್ಕೆ ಓದಿ. ಅಲ್ಲಿ ಗವ್ ಡಾಟ್ ಇನ್ ಇರಬೇಕು. ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಎಂದು ಶುರುವಾಗಿ ಆಮೇಲೆ ಡಾಟ್ ರಿಫಂಡ್-ಅದು-ಇದು ಡಾಟ್ ಕಾಮ್ ಎಂದು ಮುಗಿದರೆ ಆ ತಾಣ ಇಲಾಖೆಯದ್ದಲ್ಲ. ಮೊಬೈಲ್‌ನಲ್ಲಿ ಉದ್ದದ ವಿಳಾಸ ಪೂರ್ತಿ ಕಾಣುವುದಿಲ್ಲ, ಕಳ್ಳನಿಗೆ ಅಷ್ಟು ಸಾಕು. ಬೀಗದ ಚಿಹ್ನೆಯನ್ನು ನಂಬಬೇಡಿ. ಅದು ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೇ ಹೇಳುತ್ತದೆ, ಆ ತುದಿಯಲ್ಲಿ ಕೂತವನು ಸಾಚಾ ಎಂದಲ್ಲ. ಅಂಥ ಪ್ರಮಾಣಪತ್ರ ಪುಕ್ಕಟೆ ಸಿಗುತ್ತದೆ, ಕ್ರೋಮ್ 2023ರಲ್ಲಿ ಆ ಬೀಗವನ್ನೇ ತೆಗೆದುಹಾಕಿತು. ಬ್ಯಾಂಕ್‌ಗಳ ವಿಷಯದಲ್ಲಿ ಒಂದು ಒಳ್ಳೆಯ ಬೆಳವಣಿಗೆ ಆಗಿದೆ: 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕ್ ತಾಣಗಳೂ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬರಬೇಕೆಂದು ಆರ್‌ಬಿಐ ಹೇಳಿತ್ತು.

ಜೀಮೇಲ್‌ನಲ್ಲಿ 'ಶೋ ಒರಿಜಿನಲ್' ತೆರೆದು ಮೇಲ್ ಹೇಳಿಕೊಂಡ ಡೊಮೇನ್‌ನಿಂದಲೇ ಬಂದಿದೆಯೇ ಎಂದು ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಪರೀಕ್ಷೆಗಳು ಮೂರೂ ಪಾಸ್ ಆಗಿವೆ ಎಂದು ನಿಶ್ಚಿಂತರಾಗುವ ಟೆಕ್ಕಿಗಳಿಗೂ ಒಂದು ಕಿವಿಮಾತು. ಕಳ್ಳ ತನ್ನದೇ ಡೊಮೇನ್ ಕೊಂಡು, ಸರಿಯಾಗಿ ಹೊಂದಿಸಿ ಕಳಿಸಿದರೆ ಅವನದೂ ಮೂರಕ್ಕೆ ಮೂರು ಪಾಸ್.

ನಕಲಿ ಪುಟದಲ್ಲಿ ನಡೆಯುವುದು ಹೀಗೆ. ಮೊದಲು ಪ್ಯಾನ್ ಕೇಳುತ್ತದೆ, ಆಮೇಲೆ ಖಾತೆ, ಆಮೇಲೆ ಕಾರ್ಡ್, ಆಮೇಲೆ ಒಂದು ಚಕ್ರ ತಿರುಗುತ್ತಾ ನಿಲ್ಲುತ್ತದೆ. ಆ ಚಕ್ರ ತಿರುಗುವಷ್ಟು ಹೊತ್ತು ಆಚೆ ಬದಿಯಲ್ಲಿ ನಿಮ್ಮ ಕಾರ್ಡ್ ಅನ್ನು ನಿಜವಾದ ಯಾವುದೋ ತಾಣದಲ್ಲಿ ಹಾಕುತ್ತಿರುತ್ತಾರೆ. ಒಟಿಪಿ ಬರುವುದು ಆ ಖರೀದಿಗೆ. ಎಸ್‌ಎಂಎಸ್ ಅನ್ನು ಪೂರ್ತಿ ಓದಿದರೆ ಎಷ್ಟು ರೂಪಾಯಿ, ಯಾರಿಗೆ ಎಂದು ಸಾಮಾನ್ಯವಾಗಿ ಬರೆದೇ ಇರುತ್ತದೆ. ನಾವು ಮೇಲೆ ಇಣುಕುವ ನೋಟಿಫಿಕೇಶನ್‌ನಲ್ಲಿ ಅಂಕಿ ಮಾತ್ರ ನೋಡಿ ತುಂಬಿಬಿಡುತ್ತೇವೆ. ನನ್ನ ಕೇಳಿದರೆ, ತಪ್ಪಿಸಿಕೊಳ್ಳಲು ಕೊನೆಯ ಅವಕಾಶ ಇದೇ.

ವಿವರ ಕೊಟ್ಟುಬಿಟ್ಟಿದ್ದರೆ ನಾಚಿಕೆಪಡುತ್ತಾ ಕೂರಬೇಡಿ. ಕಾರ್ಡ್ ಹಿಂಬದಿಯ ನಂಬರಿಗೆ ಕರೆಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಕರೆಮಾಡಿ, ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ದಾಖಲಿಸಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ, ಎಟಿಎಂನಿಂದ ಹೊರಬೀಳುವ ಮೊದಲು ತಡೆಯುವುದಷ್ಟೇ ಸಾಧ್ಯ. ವಹಿವಾಟಿನ ರೆಫರೆನ್ಸ್ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ಸಿಟ್ಟಿನಲ್ಲಿ ಮೇಲ್ ಡಿಲೀಟ್ ಮಾಡಬೇಡಿ, ಅದೇ ಸಾಕ್ಷಿ.

ಇಮೇಲ್ ಪಾಸ್‌ವರ್ಡ್ ಕೊಟ್ಟಿದ್ದರೆ ಕೆಲಸ ಇನ್ನೂ ಉದ್ದ. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಸೆಟ್ಟಿಂಗ್ಸ್‌ನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎರಡನ್ನೂ ನೋಡಿ. ನಿಮ್ಮ ಮೇಲ್‌ಗಳ ಪ್ರತಿ ತನಗೆ ಬರುವಂತೆ, ಬ್ಯಾಂಕಿನ ಎಚ್ಚರಿಕೆ ಮೇಲ್ ನೇರ ಕಸಕ್ಕೆ ಹೋಗುವಂತೆ ಕಳ್ಳ ಹೊಂದಿಸಿಟ್ಟಿದ್ದರೆ ಪಾಸ್‌ವರ್ಡ್ ಬದಲಿಸಿದ ಮೇಲೂ ಅದು ನಡೆಯುತ್ತಲೇ ಇರುತ್ತದೆ. ರಿಕವರಿ ಫೋನ್ ನಂಬರು ನಿಮ್ಮದೇನಾ ನೋಡಿಕೊಳ್ಳಿ.

ಬೇಗ ದೂರು ಕೊಡುವುದಕ್ಕೆ ಹಣದ ಲೆಕ್ಕವೂ ಇದೆ. ಆರ್‌ಬಿಐನ 2017ರ ಜುಲೈ 6ರ ಸುತ್ತೋಲೆ ಹೇಳಿದ್ದು ಇದು: ಗ್ರಾಹಕರೇ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ನಂತರದ್ದು ಬ್ಯಾಂಕಿನದ್ದು. ಹಾಗೆಂದು ಬ್ಯಾಂಕ್‌ಗಳು ಸಾಚಾ ಅಂತೇನಲ್ಲ. "ಲಿಂಕ್ ಒತ್ತಬೇಡಿ" ಎಂದು ಇವತ್ತು ಎಚ್ಚರಿಸಿ, ನಾಳೆ "ಕೆವೈಸಿಗೆ ಇಲ್ಲಿ ಒತ್ತಿ" ಎಂದು ತಾವೇ ಮೊಟಕು ಲಿಂಕ್ ಕಳಿಸುವ ಸಂಸ್ಥೆಗಳು ಗ್ರಾಹಕರಿಗೆ ಕಲಿಸುತ್ತಿರುವುದೇನು?

ನಕಲಿ ಮೇಲ್ ಸಿಕ್ಕರೆ ವೆಬ್‌ಮ್ಯಾನೇಜರ್ ಅಟ್ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ವಿಳಾಸಕ್ಕೆ ಕಳಿಸಿ, ಸಾಧ್ಯವಾದರೆ ಮೇಲ್ ಬಂದ ದಾರಿಯ ವಿವರವಿರುವ ಹೆಡರ್ ಸಮೇತ. ಮನೆಯವರ ವಾಟ್ಸಾಪ್ ಗುಂಪಿಗೆ ಎಚ್ಚರಿಕೆ ಹಾಕುವುದಿದ್ದರೆ ಸ್ಕ್ರೀನ್‌ಶಾಟ್ ಹಾಕಿ. ಮೇಲ್‌ನ ಒಕ್ಕಣೆಯನ್ನು ಕಾಪಿ ಮಾಡಿ ಹಾಕಿದರೆ ಲಿಂಕೂ ಜೊತೆಗೆ ಹೋಗುತ್ತದೆ, ಗುಂಪಿನಲ್ಲಿ ಯಾರಾದರೊಬ್ಬರು ಅದನ್ನು ಒತ್ತಿಯೇ ಒತ್ತುತ್ತಾರೆ.